ಫ್ಲೆರೋವಿಯಮ್ (114): ಘನವೋ, ದ್ರವವೋ, ಅನಿಲವೋ? ಚಾರ್ಟ್‌ನಲ್ಲಿ ಯಾವ ಬಣ್ಣ ಹಾಕೋದು?

ಚಾರ್ಟ್‌ಮೇಷ್ಟ್ರು

ಪಿಯುಸಿ ಲ್ಯಾಬಿನ ಗೋಡೆಗೆ ಕನ್ನಡದಲ್ಲಿ ಒಂದು ದೊಡ್ಡ ಆವರ್ತ ಕೋಷ್ಟಕ ತಯಾರಾಗ್ತಿದೆ. 117 ಮನೆ ತುಂಬಿವೆ, 114ರ ಹತ್ತಿರ ಕೆಲಸ ನಿಂತಿದೆ. 25 °ಸೆನಲ್ಲಿ ಘನವಾದರೆ ಕಪ್ಪು ಅಕ್ಷರ, ದ್ರವವಾದರೆ ನೀಲಿ, ಅನಿಲವಾದರೆ ಕೆಂಪು, ಇದು ನಮ್ಮ ಪದ್ಧತಿ.

ಫ್ಲೆರೋವಿಯಮ್‌ಗೆ ಒಂದು ಕಡೆ ಕುದಿಬಿಂದು −60 °ಸೆ ಅಂತಿದೆ. ಹಾಗಾದರೆ ಅದು ಅನಿಲ. ಇನ್ನೊಂದು ಕಡೆ ಕರಗುಬಿಂದು 11 °ಸೆ ಅಂತಿದೆ, ಅಂದರೆ ದ್ರವ. ಹಳೇ ಪುಸ್ತಕಗಳಲ್ಲಿ ಸೀಸದ ಕೆಳಗಿದೆ ಅನ್ನೋ ಒಂದೇ ಕಾರಣಕ್ಕೆ ಘನ ಲೋಹ. ಇದರಲ್ಲಿ ಅಳತೆ ಮಾಡಿ ಹೇಳಿದ್ದು ಯಾವುದು, ಊಹೆ ಯಾವುದು? ಗೊತ್ತಿದ್ದವರು ಬಿಡಿಸಿ ಹೇಳಿ.

ಸೀಸದಕಡ್ಡಿ

ಘನ ಅಂತ ಹಾಕಿ ಮುಗಿಸಿ ಸಾರ್. 14ನೇ ಗುಂಪಿನಲ್ಲಿ ಇಂಗಾಲ, ಸಿಲಿಕಾನ್, ಜರ್ಮೇನಿಯಮ್, ತವರ, ಸೀಸ ಐದೂ ಘನ. ಆರನೆಯದು ಮಾತ್ರ ಯಾಕೆ ಹಾರಿಹೋಗಬೇಕು?

ಕುಡ್ಲದ_ಕ್ವಾಂಟಮ್

ಅಲ್ಲಿಯೇ ಇರೋದು ಮಾರಾಯ್ರೆ ಸಮಸ್ಯೆ. ಗುಂಪು ನೋಡಿ ಗುಣ ಹೇಳುವ ಲೆಕ್ಕ 7ನೇ ಸಾಲಿನ ಕೊನೆಯಲ್ಲಿ ಕೈಕೊಡ್ತದೆ.

ಬೀಜಕೇಂದ್ರದ ಹತ್ತಿರದ ಎಲೆಕ್ಟ್ರಾನಿನ ವೇಗ ಅಂದಾಜು ಬೇಕಿದ್ದರೆ ಪರಮಾಣು ಸಂಖ್ಯೆಯನ್ನು 137ರಿಂದ ಭಾಗಿಸಿ, ಬೆಳಕಿನ ವೇಗದ ಎಷ್ಟು ಪಾಲು ಅಂತ ಸಿಗ್ತದೆ. ಪಾದರಸಕ್ಕೆ 80/137, ಅಂದರೆ 0.58. ಫ್ಲೆರೋವಿಯಮ್‌ಗೆ 114/137, ಅಂದರೆ 0.83. ಈ ವೇಗದಲ್ಲಿ ಎಲೆಕ್ಟ್ರಾನಿನ ಸಾಪೇಕ್ಷ ದ್ರವ್ಯರಾಶಿ ಸುಮಾರು 1.8 ಪಟ್ಟು ಆಗ್ತದೆ, ಕಕ್ಷಕ ಒಳಗೆ ಕುಗ್ಗುತ್ತದೆ. 7ಎಸ್ ಕುಗ್ಗಿ ಬಿಗಿಯಾಗ್ತದೆ. 7ಪಿ ಕವಚ ಸ್ಪಿನ್–ಕಕ್ಷೆ ಜೋಡಣೆಯಿಂದ (ಎಲೆಕ್ಟ್ರಾನಿನ ಸ್ಪಿನ್‌ಗೂ ಅದರ ಕಕ್ಷೆಯ ಚಲನೆಗೂ ಇರುವ ನಂಟು) ಎರಡಾಗಿ ಸೀಳಿಕೊಳ್ತದೆ: ಎರಡೇ ಎಲೆಕ್ಟ್ರಾನ್ ಹಿಡಿಯುವ 7ಪಿ½ ಕೆಳಗೆ, ನಾಲ್ಕು ಹಿಡಿಯುವ 7ಪಿ3/2 ತುಂಬ ಮೇಲೆ.

ಸೀಸದ ಹೊರಗಿನ ಎರಡು ಪಿ ಎಲೆಕ್ಟ್ರಾನ್‌ಗಳು ಬಂಧಕ್ಕೆ ಸುಲಭವಾಗಿ ಸಿಗ್ತವೆ. ಫ್ಲೆರೋವಿಯಮ್‌ನ ಎರಡು 7ಪಿ½ ಒಳಗೇ ತುಂಬಿ ಮುಚ್ಚಿಕೊಂಡಿವೆ. ರಸಾಯನಶಾಸ್ತ್ರಜ್ಞ ಪಿಟ್ಜರ್ 1975ರಲ್ಲೇ 112, 114, 118 ಇವು ಹೆಚ್ಚುಕಡಿಮೆ ಜಡ ಅನಿಲಗಳೇ ಇರಬಹುದಾ ಅಂತ ಕೇಳಿದ್ದು ಇದಕ್ಕೇ. ಆಗ 112 ಆಗಲಿ 114 ಆಗಲಿ ಯಾರೂ ಮಾಡಿರಲೇ ಇಲ್ಲ.

ಅಯಾನೀಕರಣ ಶಕ್ತಿ ನೋಡಿ: ಸೀಸಕ್ಕೆ 7.42 ಎಲೆಕ್ಟ್ರಾನ್‌ವೋಲ್ಟ್, ಫ್ಲೆರೋವಿಯಮ್‌ಗೆ ಲೆಕ್ಕದಿಂದ ಸುಮಾರು 8.5. ಗುಂಪಿನಲ್ಲಿ ಕೆಳಗೆ ಇಳಿದ ಹಾಗೆ ಇಳಿಯಬೇಕಾದದ್ದು ಏರಿದೆ.

ಧಾರವಾಡ_ಪೇಢಾ

ಇದೆಲ್ಲಾ ಲೆಕ್ಕಾಚಾರ ಆತ್ರೀ. ಖರೇ ಫ್ಲೆರೋವಿಯಮ್ ಮುಟ್ಟಿ ನೋಡಿದವರು ಏನಂತಾರ?

ಸುಮ್ನೆ_ನೋಡ್ತಿದ್ದೆ

ಮುಟ್ಟೋಕೆ ಇರಬೇಕಲ್ಲ 😄 ಎಷ್ಟು ಪರಮಾಣು ಸಿಗುತ್ತೆ ದಿನಕ್ಕೆ?

ವಿಕಿರಣಿ

ದಿನಕ್ಕೆ ಎಷ್ಟು ಅನ್ನೋದನ್ನ ಕಾಗದದ ಮೇಲೇ ಹಾಕಿ ನೋಡಬಹುದು.

ಕ್ರಿಯೆ: ಪ್ಲುಟೋನಿಯಮ್-244ರ ಮೇಲೆ ಕ್ಯಾಲ್ಸಿಯಮ್-48. ಎರಡೂ ಸೇರಿ 292, ಅದರಲ್ಲಿ ಮೂರೋ ನಾಲ್ಕೋ ನ್ಯೂಟ್ರಾನ್ ಆವಿಯಾಗಿ ಹೋದರೆ ಫ್ಲೆರೋವಿಯಮ್-289 ಅಥವಾ 288. ಕ್ಯಾಲ್ಸಿಯಮ್‌ಗೆ ಸುಮಾರು 240 ಎಂಇವಿ (ಒಂದು ಎಂಇವಿ ಅಂದರೆ ಹತ್ತು ಲಕ್ಷ ಎಲೆಕ್ಟ್ರಾನ್‌ವೋಲ್ಟ್) ಶಕ್ತಿ ಕೊಡಬೇಕು, ಅಂದರೆ ಬೆಳಕಿನ ವೇಗದ ಹತ್ತು ಶೇಕಡಾ. ಕಮ್ಮಿಯಾದರೆ ಎರಡು ಬೀಜಕೇಂದ್ರಗಳು ಮುಟ್ಟುವುದೇ ಇಲ್ಲ, ಜಾಸ್ತಿಯಾದರೆ ಕೂಡಿಕೊಂಡದ್ದು ಬಿಸಿಯಾಗಿ ಸೀಳಿಹೋಗುತ್ತದೆ. ಈ ಎರಡರ ನಡುವಿನ ಕಿಟಕಿ ಬಹಳ ಕಿರಿದು.

ಟಾರ್ಗೆಟ್ ಅಂದರೆ ಎರಡು ಮೈಕ್ರೋಮೀಟರಿನಷ್ಟು ತೆಳುವಾದ ಟೈಟಾನಿಯಮ್ ಹಾಳೆಯ ಮೇಲೆ ವಿದ್ಯುತ್‌ನಿಂದ ಲೇಪಿಸಿದ ಪ್ಲುಟೋನಿಯಮ್ ಆಕ್ಸೈಡ್. ಚದರ ಸೆಂಟಿಮೀಟರಿಗೆ 0.5 ಮಿಲಿಗ್ರಾಂ ಪ್ಲುಟೋನಿಯಮ್ ಇದ್ದರೆ 1.2 × 10¹⁸ ಪರಮಾಣು. ಕಿರಣದಲ್ಲಿ ಸೆಕೆಂಡಿಗೆ 6 × 10¹² ಅಯಾನ್ ಅನ್ನಿ. ಕ್ರಿಯೆಯ ಅಡ್ಡಕೊಯ್ತ (ಕ್ರಿಯೆ ನಡೆಯುವ ಸಂಭವದ ಅಳತೆ) 10 ಪಿಕೊಬಾರ್ನ್, ಅಂದರೆ 10⁻³⁵ ಚದರ ಸೆಂ.ಮೀ. ಮೂರನ್ನೂ ಗುಣಿಸಿದರೆ ಸೆಕೆಂಡಿಗೆ 7 × 10⁻⁵ ಚಿಲ್ಲರೆ, ದಿನಕ್ಕೆ ಆರೇಳು ಪರಮಾಣು. ಇದು ಹುಟ್ಟಿದ್ದು ಮಾತ್ರ. ಬೇಕಾದ ಪರಮಾಣುವನ್ನು ಕಿರಣದಿಂದ ಬೇರೆ ಮಾಡುವ ವಿಭಜಕದಲ್ಲಿ ಒಂದಷ್ಟು, ಕೊಳವೆಯಲ್ಲಿ ಒಂದಷ್ಟು, ದಾರಿಯಲ್ಲೇ ಕ್ಷಯಿಸಿ ಒಂದಷ್ಟು ಕಳೆದು ಕೈಗೆ ಒಂದೋ ಎರಡೋ ಸಿಕ್ಕರೆ ಒಳ್ಳೆಯ ದಿನ. ಕಿರಣ ಒಂದೇ ಸಮನೆ ನಿಲ್ಲದೆ ಬಂದರೆ ಮಾತ್ರ ಈ ಲೆಕ್ಕ, ಅದೂ ಯಾವತ್ತೂ ಹಾಗೆ ಬರಲ್ಲ.

10 ಪಿಕೊಬಾರ್ನ್ ಗಾಳಿಯಲ್ಲಿ ತೇಲಿಸಿದ ಸಂಖ್ಯೆ ಅಲ್ಲ. ಜರ್ಮನಿಯ ಡಾರ್ಮ್‌ಸ್ಟಾಟ್‌ನ ಜಿಎಸ್‌ಐ ಸಂಶೋಧನಾ ಕೇಂದ್ರದಲ್ಲಿ ಟಾಸ್ಕಾ ಎಂಬ ವಿಭಜಕದಿಂದ 289ಕ್ಕೆ 9.8, 288ಕ್ಕೆ 8.0 ಅಳೆದಿದ್ದಾರೆ.

ಸುಮ್ನೆ_ನೋಡ್ತಿದ್ದೆ

ದಿನಕ್ಕೆ ಒಂದೋ ಎರಡೋ ಪರಮಾಣು ಇಟ್ಟುಕೊಂಡು "ಕುದಿಬಿಂದು −60" ಅಂತ ಯಾವ ಧೈರ್ಯದಲ್ಲಿ ಬರೀತಾರೆ?? ಒಂದು ಪರಮಾಣು ಕುದಿಯುತ್ತಾ?

ವಿಕಿರಣಿ

ಕುದಿಯಲ್ಲ. ಕುದಿಬಿಂದು, ಕರಗುಬಿಂದು, ಸಾಂದ್ರತೆ ಎಲ್ಲ ರಾಶಿಯ ಗುಣಗಳು. ಒಂದೊಂದೇ ಪರಮಾಣುವಿಗೆ ಅಳೆಯಲು ಬರುವುದು ಅದು ಯಾವ ಮೇಲ್ಮೈಗೆ, ಯಾವ ಉಷ್ಣತೆಯಲ್ಲಿ ಅಂಟಿಕೊಂಡಿತು ಅನ್ನುವುದಷ್ಟೆ. ಅದರಿಂದ ಅಧಿಶೋಷಣ ಎಂಥಾಲ್ಪಿ (ಮೇಲ್ಮೈಗೆ ಎಷ್ಟು ಬಿಗಿಯಾಗಿ ಅಂಟಿದೆ ಅನ್ನುವ ಶಕ್ತಿಯ ಅಳತೆ) ಬರುತ್ತದೆ. ಉಳಿದ ಧಾತುಗಳಲ್ಲಿ ಕಂಡ ಅನುಭವಸಿದ್ಧ ಸಂಬಂಧ ಹಾಕಿ ಅದರಿಂದ ಉತ್ಪತನ ಎಂಥಾಲ್ಪಿ (ಘನ ನೇರ ಅನಿಲವಾಗಲು ಬೇಕಾದ ಶಕ್ತಿ), ಅಲ್ಲಿಂದ ಕುದಿಬಿಂದು. −60 ಅನ್ನೋದು ಈ ಮೂರನೇ ಮೆಟ್ಟಿಲ ಮೇಲೆ ಕೂತಿರೋ ಸಂಖ್ಯೆ.

ಡಿಟೆಕ್ಟರ್_ದಾಸ

ಅಂಟಿಕೊಂಡಿದ್ದು ಎಲ್ಲಿ ಅಂತ ಗೊತ್ತಾಗೋ ಬಗೆ ಹೇಳ್ತೀನಿ, ಈ ವಿಷಯದಲ್ಲಿ ನನಗೆ ಇಷ್ಟವಾದ ಭಾಗ ಇದೇ.

ಒಂದು ಸೆಂಟಿಮೀಟರ್ ಚೌಕದ ಸಿಲಿಕಾನ್ ಡಯೋಡ್‌ಗಳನ್ನು ಎದುರುಬದುರು ಜೋಡಿಸ್ತಾರೆ, 32 ಜೋಡಿ ಸಾಲಾಗಿ. ಎರಡರ ನಡುವೆ ಅರ್ಧ ಮಿಲಿಮೀಟರ್ ಚಿಲ್ಲರೆ ಸಂದು. ಡಯೋಡ್ ಮೈಮೇಲೆ 30–50 ನ್ಯಾನೋಮೀಟರ್ ಚಿನ್ನದ ಲೇಪ. ಸಂದಿನೊಳಗೆ ಹೀಲಿಯಮ್–ಆರ್ಗಾನ್ ಅನಿಲ ಹರಿಯುತ್ತೆ, ಪರಮಾಣು ಅದರ ಜೊತೆ ಬರುತ್ತೆ. ಸಾಲಿನ ಒಂದು ತುದಿ ಕೋಣೆಯ ಉಷ್ಣತೆ, ಇನ್ನೊಂದು ತುದಿ ದ್ರವ ನೈಟ್ರೋಜನ್‌ನಿಂದ −160 °ಸೆಗಿಂತ ಕೆಳಗೆ. ಪರಮಾಣು ಎಲ್ಲಿ ನಿಲ್ಲುತ್ತೋ ಅಲ್ಲೇ ಕ್ಷಯಿಸುತ್ತೆ, ಆ ಡಯೋಡ್ ಆಲ್ಫಾ ಕಣ ಹಿಡಿಯುತ್ತೆ. ಎರಡೂ ಕಡೆ ಡಯೋಡ್ ಇರೋದ್ರಿಂದ ಹೆಚ್ಚಿನ ಆಲ್ಫಾ ತಪ್ಪಿಸಿಕೊಳ್ಳಲ್ಲ.

ಪರಮಾಣುವಿನ ಗುರುತು ಶಕ್ತಿಯಿಂದ ಮತ್ತು ಸರಣಿಯಿಂದ:

ಫ್ಲೆರೋವಿಯಮ್-289: ಆಲ್ಫಾ 9.8 ಎಂಇವಿ, ಅರ್ಧಾಯು 2 ಸೆಕೆಂಡ್ ಹತ್ತಿರ → ಕೋಪರ್ನಿಸಿಯಮ್-285: 9.2 ಎಂಇವಿ, ಅರ್ಧ ನಿಮಿಷ → ಡಾರ್ಮ್‌ಸ್ಟಾಟಿಯಮ್-281: ಹೆಚ್ಚಾಗಿ ಸ್ವಯಂವಿದಳನ (ಬೀಜಕೇಂದ್ರ ತಾನಾಗಿಯೇ ಎರಡು ತುಂಡಾಗೋದು).

ಫ್ಲೆರೋವಿಯಮ್-288: ಆಲ್ಫಾ 9.9, ಅರ್ಧಾಯು 0.65 ಸೆಕೆಂಡ್ → ಕೋಪರ್ನಿಸಿಯಮ್-284: ಸುಮಾರು 0.1 ಸೆಕೆಂಡಿನಲ್ಲಿ ಸ್ವಯಂವಿದಳನ.

ವಿದಳನದ ಎರಡು ತುಂಡುಗಳು ಎದುರುಬದುರು ಡಯೋಡ್‌ಗಳಲ್ಲಿ ಒಂದೇ ಕ್ಷಣದಲ್ಲಿ ಭಾರೀ ಶಕ್ತಿ ಬಿಟ್ಟುಹೋಗುತ್ತವೆ. ಆ ಜಾಗದಲ್ಲೇ ಸ್ವಲ್ಪ ಮುಂಚೆ 9.9ರ ಆಲ್ಫಾ ಇದ್ದರೆ ಸಂಶಯಕ್ಕೆ ಜಾಗ ಕಮ್ಮಿ.

ಚಾರ್ಟ್‌ಮೇಷ್ಟ್ರು

ಇದು ಚೆನ್ನಾಗಿ ಅರ್ಥವಾಯ್ತು. ಒಂದು ಸಂಶಯ: ಉಷ್ಣತೆ ಗೊತ್ತಾದರೆ ಎಂಥಾಲ್ಪಿ ಹೇಗೆ ಬರುತ್ತೆ?

ಕುಡ್ಲದ_ಕ್ವಾಂಟಮ್

ಫ್ರೆಂಕೆಲ್ ಸೂತ್ರ. ಪರಮಾಣು ಮೇಲ್ಮೈ ಮೇಲೆ ತಂಗುವ ಹೊತ್ತು = 10⁻¹³ ಸೆಕೆಂಡ್ × (ಇ ಘಾತ: ಎಂಥಾಲ್ಪಿ ÷ ಅನಿಲ ಸ್ಥಿರಾಂಕ ÷ ಕೆಲ್ವಿನ್ ಉಷ್ಣತೆ). 10⁻¹³ ಅನ್ನೋದು ಮೇಲ್ಮೈಯ ಕಂಪನದ ಅವಧಿ, ಸ್ವಲ್ಪ ಆಚೀಚೆ ಆಗ್ತದೆ.

ಚಿನ್ನದ ಮೇಲೆ ಪಾದರಸಕ್ಕೆ 98 ಕಿಲೋಜೂಲ್/ಮೋಲ್. 298 ಕೆಲ್ವಿನ್‌ನಲ್ಲಿ ಹಾಕಿದರೆ ಒಂದು ಸಲ ಕೂತರೆ ನಾಲ್ಕು ಗಂಟೆ. ಹಾಗಾಗಿ ಪಾದರಸ ಬಾಗಿಲಲ್ಲೇ, ಮೊದಲ ಡಯೋಡ್‌ಗಳಲ್ಲೇ ನಿಂತುಬಿಡ್ತದೆ. ಕೋಪರ್ನಿಸಿಯಮ್‌ಗೆ 52. ಅದೇ ಉಷ್ಣತೆಯಲ್ಲಿ ಒಂದು ಮಿಲಿಸೆಕೆಂಡಿನ ಏಳನೇ ಒಂದು ಭಾಗ ಕೂತು ಎದ್ದು ಹೋಗ್ತದೆ, −70 °ಸೆನಲ್ಲಿ ಎರಡೂವರೆ ಸೆಕೆಂಡ್ ಕೂರ್ತದೆ. ರೇಡಾನ್‌ಗೆ 27ರ ಆಸುಪಾಸು, ಕೊನೆಯ ತಣ್ಣನೆ ತುದಿಯವರೆಗೂ ಹೋಗ್ತದೆ.

ಒಂದು ಎಚ್ಚರಿಕೆ: ಒಂದೇ ಸಲ ಕೂರೋದಲ್ಲ. ಅಷ್ಟು ಕಿರಿದಾದ ಸಂದಿನಲ್ಲಿ ಪ್ರತಿ ಸೆಂಟಿಮೀಟರಿಗೆ ಸಾವಿರಾರು ಸಲ ಗೋಡೆಗೆ ತಾಗ್ತದೆ. ಒಂದೊಂದು ಸಲಕ್ಕೆ ಅರ್ಧ ಮಿಲಿಸೆಕೆಂಡ್ ಆದರೂ ಒಟ್ಟು ಸೆಕೆಂಡ್‌ಗಟ್ಟಲೆ ಆಗ್ತದೆ, ಅಷ್ಟರಲ್ಲಿ ಅರ್ಧಾಯು ಮುಗಿದಿರ್ತದೆ. ಅದಕ್ಕೆ ಮಾಂಟೆ ಕಾರ್ಲೊ ಸಿಮ್ಯುಲೇಶನ್ (ಕಂಪ್ಯೂಟರಿನಲ್ಲಿ ಸಾವಿರಾರು ಸಲ ದಾಳ ಹಾಕಿದ ಹಾಗೆ ಮಾಡುವ ಲೆಕ್ಕ) ಓಡಿಸಿ, ಅನಿಲದ ಹರಿವು, ಉಷ್ಣತೆಯ ಇಳಿಜಾರು, ಅರ್ಧಾಯು ಎಲ್ಲ ಕೊಟ್ಟು, ಯಾವ ಎಂಥಾಲ್ಪಿಗೆ ಈ ಜಾಗ ಹೊಂದ್ತದೆ ಅಂತ ಹುಡುಕೋದು.

ಸೀಸದಕಡ್ಡಿ

ಸರಿ, ಒಪ್ಪಿದೆ, ಆದರೆ ಫ್ಲೆರೋವಿಯಮ್‌ನ ಸಂಖ್ಯೆ ಯಾರೂ ಹೇಳಲಿಲ್ಲ. ಸುತ್ತಿ ಬಳಸಿ ಪಾದರಸ, ರೇಡಾನ್ ಅಂತಿದ್ದೀರಿ.

ವಿಕಿರಣಿ

ಹೇಳದೇ ಇರಲು ಕಾರಣ ಇದೆ. ಸಂಖ್ಯೆ ಒಂದಲ್ಲ, ಜಗಳ ಇದೆ.

ಮೊದಲನೇ ಪ್ರಯೋಗ ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಸಂಸ್ಥೆಯವರು ರಷ್ಯಾದ ದುಬ್ನಾದಲ್ಲಿ ಮಾಡಿದ್ದು, ಐಕ್ಲರ್ ತಂಡ, 2010ರಲ್ಲಿ ಪ್ರಕಟ. ಮೂರು ಪರಮಾಣು. ಹೆಚ್ಚಿನವು −90 °ಸೆ ಹತ್ತಿರ ಚಿನ್ನದ ಮೇಲೆ ನಿಂತವು. ಎಂಥಾಲ್ಪಿ 34, ಅನಿಶ್ಚಿತತೆ ಮೇಲಕ್ಕೆ 54, ಕೆಳಕ್ಕೆ 11. ಅಂದರೆ ರೇಡಾನ್‌ನ ನೆರೆಮನೆ, ಜಡ ಅನಿಲದಂಥದ್ದು ಅಂತ ಸೂಚನೆ. ಮೇಷ್ಟ್ರು ಕಂಡ −60 °ಸೆ ಕುದಿಬಿಂದುವಿನ ಬೇರು ಇಲ್ಲೇ.

ಎರಡನೇದು ಜಿಎಸ್‌ಐಯ ಟಾಸ್ಕಾದಲ್ಲಿ, ಯಾಕುಶೆವ್ ತಂಡ, 2014ರಲ್ಲಿ ಪ್ರಕಟ. ಎರಡು ಪರಮಾಣು, ಕೋಣೆಯ ಉಷ್ಣತೆಯಲ್ಲೇ ಚಿನ್ನಕ್ಕೆ ಅಂಟಿದವು. ಇದು ಲೋಹ, ಆದರೆ ಬಾಷ್ಪಶೀಲ (ಸುಲಭವಾಗಿ ಆವಿಯಾಗುವ) ಲೋಹ ಅಂತ ಅವರ ತೀರ್ಮಾನ.

ಒಂದೇ ಧಾತು, ಒಂದೇ ಚಿನ್ನ, ನೂರು ಡಿಗ್ರಿಗೂ ಹೆಚ್ಚು ಅಂತರ.

ಧಾರವಾಡ_ಪೇಢಾ

ಮೂರಕ್ಕ ಎರಡು. ಐದು ಪರಮಾಣು ಇಟಗೊಂಡು ಹನ್ನೆರಡು ವರ್ಷ ಜಗಳಾಡ್ಯಾರ!

ಡಿಟೆಕ್ಟರ್_ದಾಸ

ಜಗಳಕ್ಕೆ ಅರ್ಥ ಇದೆ, ಪೇಢಾ ಅವರೇ. ಮೊದಲನೇ ಪ್ರಯೋಗದಲ್ಲಿ ಮುಂಚೆ ಯಾವ ಭೌತ ವಿಭಜಕವೂ ಇರಲಿಲ್ಲ. ಟಾರ್ಗೆಟ್‌ನಿಂದ ಹಾರಿದ್ದೆಲ್ಲ ನೇರ ಅನಿಲಕ್ಕೆ, ಅಲ್ಲಿಂದ ಕೊಳವೆಗೆ. ಕ್ಯಾಲ್ಸಿಯಮ್ ಬಿದ್ದಾಗ ಫ್ಲೆರೋವಿಯಮ್ ಹುಟ್ಟೋದು ಅಪರೂಪ, ನ್ಯೂಕ್ಲಿಯಾನ್ ವರ್ಗಾವಣೆಯಿಂದ ರೇಡಾನ್, ಪೊಲೋನಿಯಮ್ ಐಸೊಟೋಪ್‌ಗಳು ಧಾರಾಳ. ರೇಡಾನ್ ಅನಿಲವಾದ್ದರಿಂದ ತಣ್ಣನೆ ತುದಿಗೇ ಹೋಗಿ ಕೂರುತ್ತೆ. ಅದರ ಮಗಳು ಪೊಲೋನಿಯಮ್‌ಗಳು ಆಲ್ಫಾ ಬಿಡುತ್ತವೆ. ಪೊಲೋನಿಯಮ್-212ರ 8.78 ಎಂಇವಿ ಮತ್ತು ಅದಕ್ಕೂ ಮೊದಲಿನ ಬೀಟಾ ಒಟ್ಟಿಗೆ ಡಯೋಡಿಗೆ ಬಿದ್ದರೆ ಶಕ್ತಿ ಮೇಲಕ್ಕೆ ಜಾರಿ 9ರ ಮೇಲೆ ಕಾಣಬಹುದು. ಹಿನ್ನೆಲೆ ಎಲ್ಲಿ ಜಾಸ್ತಿಯೋ ಅಲ್ಲೇ ಫ್ಲೆರೋವಿಯಮ್ ಹುಡುಕುತ್ತಿದ್ದೀರಿ ಅಂತಾಯ್ತು. ಆಕಸ್ಮಿಕ ಸರಣಿಯ ಸಂಭವ ಎಷ್ಟು ಅನ್ನೋದೇ ಅಲ್ಲಿನ ತಕರಾರು.

ಟಾಸ್ಕಾದಲ್ಲಿ ಮೊದಲು 3.5 ಮೀಟರಿನ ಅನಿಲ ತುಂಬಿದ ವಿಭಜಕ, ಹೀಲಿಯಮ್ 0.8 ಮಿಲಿಬಾರ್. ಹುಟ್ಟಿದ ಫ್ಲೆರೋವಿಯಮ್ ಬೆಳಕಿನ ವೇಗದ 1.7 ಶೇಕಡಾದಲ್ಲಿ ಮುಂದಕ್ಕೆ ಚಿಮ್ಮುತ್ತೆ, ಒಂದು ಮೈಕ್ರೋಸೆಕೆಂಡ್ ಒಳಗೆ ವಿಭಜಕ ದಾಟುತ್ತೆ. ಕಿರಣವೂ ವರ್ಗಾವಣೆಯ ಕಸವೂ ಅಯಸ್ಕಾಂತದಲ್ಲಿ ಬೇರೆ ದಾರಿ ಹಿಡಿಯುತ್ತವೆ. ಆಮೇಲೆ ಕೆಲವೇ ಮೈಕ್ರೋಮೀಟರ್ ದಪ್ಪದ ಮೈಲಾರ್ ಕಿಟಕಿ ತೂರಿ ಒಂದು ಬಾರ್ ಒತ್ತಡದ ಅನಿಲದಲ್ಲಿ ಪರಮಾಣು ನಿಲ್ಲಬೇಕು. ತೊಂದರೆ ಇಲ್ಲೇ. ಕಿಟಕಿ ದಪ್ಪವಾದರೆ ಪರಮಾಣು ಒಳಗೇ ಹೂತುಹೋಗುತ್ತೆ, ತೆಳುವಾದರೆ ಸಾವಿರ ಪಟ್ಟಿಗೂ ಹೆಚ್ಚಿನ ಒತ್ತಡದ ವ್ಯತ್ಯಾಸಕ್ಕೆ ಹರಿಯುತ್ತೆ. ಅದಕ್ಕೆ ಕಿಟಕಿಗೆ ಹಿಂದಿನಿಂದ ಜಾಲರಿ ಆಸರೆ ಕೊಡ್ತಾರೆ, ಜಾಲರಿಯ ಕಡ್ಡಿಗೆ ಬಿದ್ದ ಪರಮಾಣು ಲೆಕ್ಕಕ್ಕಿಲ್ಲ.

ಸೀಸದಕಡ್ಡಿ

ಹಾಗಾದರೆ ಎರಡನೇದೇ ಸರಿ, ಮೊದಲನೇದು ತಪ್ಪು. ಲೋಹ. ಘನ. ಕಪ್ಪು. ನಾನು ಮೊದಲೇ ಹೇಳಿದ್ದೆ 😎

ವಿಕಿರಣಿ

ಅಷ್ಟು ಅವಸರ ಬೇಡ. ಅದೇ ಟಾಸ್ಕಾ ತಂಡ ಇನ್ನಷ್ಟು ಪರಮಾಣು ಕೂಡಿಸಿ 2022ರಲ್ಲಿ ಮತ್ತೆ ಬರೆದರು. ಈ ಸಲ ಸಾಲಿನಲ್ಲಿ ಸಿಲಿಕಾನ್ ಆಕ್ಸೈಡ್ ಮೇಲ್ಮೈ, ಚಿನ್ನದ ಮೇಲ್ಮೈ ಎರಡೂ ಇದ್ದವು. ಅವರು ಒಪ್ಪಿಕೊಂಡ ಮುಖ್ಯ ವಿಷಯ: ಚಿನ್ನದ ಮೈ ಒಂದೇ ಸಮ ಇಲ್ಲ. ಲೇಪಿಸಿದ ಪದರದಲ್ಲಿ ಬಲವಾಗಿ ಹಿಡಿಯುವ ಜಾಗಗಳೂ ಇವೆ, ಸಡಿಲವಾಗಿ ಹಿಡಿಯುವವೂ ಇವೆ. ಒಂದು ಪರಮಾಣು ಬಿಗಿ ಜಾಗ ಸಿಕ್ಕಿ ಬೆಚ್ಚಗಿನ ತುದಿಯಲ್ಲೇ ನಿಲ್ಲಬಹುದು, ಇನ್ನೊಂದು ತಣ್ಣನೆ ಕಡೆಗೆ ಜಾರಬಹುದು. ಒಂದೇ ಎಂಥಾಲ್ಪಿ ಅಂತ ಹಠ ಹಿಡಿದದ್ದರಿಂದಲೇ ಎರಡು ಪ್ರಯೋಗ ಹೊಂದಲಿಲ್ಲ.

ತೀರ್ಮಾನ: 14ನೇ ಗುಂಪಿನಲ್ಲಿ ಎಲ್ಲಕ್ಕಿಂತ ಕಡಿಮೆ ಕ್ರಿಯಾಶೀಲ, ಬಹಳ ಬಾಷ್ಪಶೀಲ. ಚಿನ್ನದ ಜೊತೆ ಪಾದರಸಕ್ಕಿಂತ ಸಡಿಲ, ರೇಡಾನ್‌ಗಿಂತ ಬಿಗಿ. ಚಿನ್ನದ ಮೇಲೆ ಸೀಸಕ್ಕೆ 230 ಕಿಲೋಜೂಲ್ ಆಸುಪಾಸು ಇದೆ, ಅದರ ಹತ್ತಿರಕ್ಕೂ ಇದು ಬರಲ್ಲ. ಸೀಸದ ತಮ್ಮ ಅಂತ ಕಪ್ಪು ಹಾಕೋಕೆ ಇದರಲ್ಲಿ ಆಧಾರ ಇಲ್ಲ.

ಸೀಸದಕಡ್ಡಿ

ಬಾಷ್ಪಶೀಲ ಅಂದ ಮಾತ್ರಕ್ಕೆ ಘನ ಅಲ್ಲ ಅಂತ ಏನಿಲ್ಲ ಮೇಡಂ. ಅಯೋಡೀನ್ ಕೂಡ ಹಾರುತ್ತೆ, ಘನವೇ.

ವಿಕಿರಣಿ

ಅದು ನ್ಯಾಯವಾದ ಮಾತು. ಅಧಿಶೋಷಣೆಯಿಂದ ಘನ/ದ್ರವ ಹೇಳಲು ಬರುವುದಿಲ್ಲ, ಬಾಷ್ಪಶೀಲತೆ ಮಾತ್ರ. ಘನವೋ ದ್ರವವೋ ಅನ್ನುವುದಕ್ಕೆ ಸದ್ಯ ಇರೋದು ಕ್ವಾಂಟಮ್ ಲೆಕ್ಕ ಒಂದೇ.

ಡಿಟೆಕ್ಟರ್_ದಾಸ

ಚಿನ್ನದ ಮೈ ಅಂದಾಗ ಇನ್ನೊಂದು ಸೇರಿಸಬೇಕು: ನೀರು. ಅನಿಲದಲ್ಲಿ ತೇವಾಂಶ ಪಿಪಿಎಂ ಮಟ್ಟದಲ್ಲಿದ್ದರೂ −95, −100 °ಸೆ ಆಚೆಗೆ ಚಿನ್ನದ ಮೇಲೆ ಮಂಜುಗಡ್ಡೆಯ ತೆಳು ಪದರ ಕೂರುತ್ತೆ. ಅಲ್ಲಿಂದ ಮುಂದೆ ನೀವು ಅಳೆಯೋದು ಚಿನ್ನದ ಮೇಲಿನ ಅಂಟನ್ನಲ್ಲ, ಮಂಜಿನ ಮೇಲಿನದನ್ನು. −90ರ ಪರಮಾಣುಗಳು ಈ ಗಡಿಯ ಪಕ್ಕದಲ್ಲೇ ಇವೆ, ಗಮನಿಸಿ.

ಅದಕ್ಕೆ ಅನಿಲವನ್ನು ಮುಚ್ಚಿದ ಸುತ್ತಿನಲ್ಲಿ ಓಡಿಸಿ, ಶುದ್ಧೀಕಾರಕಗಳ ಮೂಲಕ ಹಾಯಿಸಿ, 850 °ಸೆಗೆ ಕಾಯಿಸಿದ ಕ್ವಾರ್ಟ್ಜ್ ಕೊಳವೆಯಲ್ಲಿ ಟ್ಯಾಂಟಲಮ್ ಇಟ್ಟು ನೀರು, ಆಮ್ಲಜನಕ ಎರಡನ್ನೂ ಕುಡಿಸ್ತಾರೆ. ಕ್ವಾರ್ಟ್ಜ್ ನಾರು ಏರೋಸಾಲ್ ತಡೆಯುತ್ತೆ. ಇಬ್ಬನಿಬಿಂದು ಮೀಟರ್ ಸದಾ ಹಚ್ಚಿಟ್ಟಿರಬೇಕು. ಅದು ಒಂದು ಸಲ ಏರಿತು ಅಂದರೆ ಆ ಹೊತ್ತಿನ ಪರಮಾಣು ಲೆಕ್ಕಕ್ಕೆ ತಗೊಳ್ಳಬೇಕೋ ಬೇಡವೋ ಅನ್ನೋ ತಲೆನೋವು.

ಆಮೇಲೆ ಸಾಗಣೆಯ ಹೊತ್ತು. ಟಾಸ್ಕಾದಲ್ಲಿ 0.8 ಸೆಕೆಂಡಿನ ಲೆಕ್ಕ. ಅಷ್ಟರಲ್ಲಿ 289ರಲ್ಲಿ ಮುಕ್ಕಾಲು ಪಾಲು ಉಳಿಯುತ್ತೆ, 288ರಲ್ಲಿ ನೂರಕ್ಕೆ 43. ಕೊಳವೆ ಉದ್ದ ಮಾಡಿ ಎರಡು ಸೆಕೆಂಡ್ ತಗೊಂಡ್ರೆ 287ರಲ್ಲಿ ನೂರಕ್ಕೆ ಮೂರು ಉಳಿದರೆ ಹೆಚ್ಚು. ದಾರಿಯಲ್ಲಿ ಸತ್ತ ಫ್ಲೆರೋವಿಯಮ್ ಕೋಪರ್ನಿಸಿಯಮ್ ಆಗಿ ಡಯೋಡಿಗೆ ಬರುತ್ತೆ.

ಮೂಲವಸ್ತು_ಮೂರ್ತಿ

ಇದೇ ದೋಷ ಕೋಪರ್ನಿಸಿಯಮ್‌ನವರಿಗೆ ವರ ಆಗಿದ್ದು. 2007ರಲ್ಲಿ ನೇಚರ್‌ನಲ್ಲಿ ಬಂದ ಪ್ರಯೋಗದಲ್ಲಿ ಬೇಕಂತಲೇ ಪ್ಲುಟೋನಿಯಮ್-242 ಹಾಕಿ ಫ್ಲೆರೋವಿಯಮ್-287 ಮಾಡಿ, ಅದು ದಾರಿಯಲ್ಲೇ ಕ್ಷಯಿಸಿ ಕೋಪರ್ನಿಸಿಯಮ್-283 ಆಗಲು ಬಿಟ್ಟರು. ಅದರ ಅರ್ಧಾಯು ಸುಮಾರು 4 ಸೆಕೆಂಡ್, ಆರಾಮಾಗಿ ತಲುಪುತ್ತೆ. ಮೊದಲು ಎರಡು ಪರಮಾಣು, ಆಮೇಲೆ ಒಟ್ಟು ಐದು. ಟಾರ್ಗೆಟ್‌ನಲ್ಲಿ ಸ್ವಲ್ಪ ನಿಯೋಡೈಮಿಯಮ್ ಬೆರೆಸಿದ್ದರಿಂದ ಅದೇ ಕಿರಣದಲ್ಲಿ ಪಾದರಸದ ಐಸೊಟೋಪ್‌ಗಳೂ ಹುಟ್ಟಿದವು. ಒಂದು ತುದಿಗೆ ಪಾದರಸ, ಇನ್ನೊಂದು ತುದಿಗೆ ರೇಡಾನ್, ನಡುವೆ ಕೋಪರ್ನಿಸಿಯಮ್. ಹೋಲಿಕೆಗೆ ಬೇರೆ ದಿನ, ಬೇರೆ ಪ್ರಯೋಗ ಬೇಕಾಗಲಿಲ್ಲ. ನನ್ನ ಲೆಕ್ಕದಲ್ಲಿ ಈ ಕ್ಷೇತ್ರದ ಅತ್ಯಂತ ಜಾಣ ಪ್ರಯೋಗ ಅದು.

ಕುಡ್ಲದ_ಕ್ವಾಂಟಮ್

ಮೂರ್ತಿಯವರೇ ಜಾಣ ಹೌದು, ಆದರೆ ಅದರಿಂದಲೂ ಕುದಿಬಿಂದು 357 ಕೆಲ್ವಿನ್, ಹೆಚ್ಚುಕಡಿಮೆ 112 ಅಂತ ಬಂತು. 112ನೇ ಧಾತುವಿಗೆ 112ರ ದೋಷ, ಕಾಕತಾಳೀಯ 🙂 ಆಮೇಲೆ 2019ರಲ್ಲಿ ಶ್ವೆರ್ಡ್‌ಫೆಗರ್ ತಂಡದ ಲೆಕ್ಕ: ಕೋಪರ್ನಿಸಿಯಮ್ ಕರಗುಬಿಂದು 283 ± 11, ಕುದಿಬಿಂದು 340 ± 10 ಕೆಲ್ವಿನ್. ಅಂದರೆ 10 °ಸೆನಲ್ಲಿ ಕರಗಿ 67 °ಸೆನಲ್ಲಿ ಕುದಿಯುವ ದ್ರವ, ಆದರೆ ಪಾದರಸದ ಹಾಗೆ ಲೋಹದ ದ್ರವ ಅಲ್ಲ, ಜಡ ಅನಿಲಗಳ ಜಾತಿಯ ದ್ರವ.

ಫ್ಲೆರೋವಿಯಮ್‌ಗೆ ಅದೇ ಬಳಗದ 2022ರ ಲೆಕ್ಕ 284 ± 50 ಕೆಲ್ವಿನ್. ಮೇಷ್ಟ್ರು ಕಂಡ 11 °ಸೆ ಇದೇ. ಆ ± 50 ಕಡೆಗಣಿಸಬೇಡಿ: −39ರಿಂದ 61 °ಸೆ ತನಕ. ಮಡಿಕೇರಿಯ ಡಿಸೆಂಬರ್ ರಾತ್ರಿ, ಕಲಬುರ್ಗಿಯ ಮೇ ಮಧ್ಯಾಹ್ನ ಎರಡೂ ಅದರೊಳಗೇ ಬರ್ತವೆ.

ಧಾರವಾಡ_ಪೇಢಾ

ಅಂದ್ರ ಅಲ್ಲಿ ಕಪ್ಪು, ಇಲ್ಲಿ ನೀಲಿ. ಊರಿಗೊಂದು ಚಾರ್ಟ್ ಮಾಡ್ರಿ ಮಾಸ್ತರ.

ಸುಮ್ನೆ_ನೋಡ್ತಿದ್ದೆ

ಬೇರೆ ವಿಷಯ, ಕ್ಷಮಿಸಿ. ಇಷ್ಟೆಲ್ಲ ಮಾಡೋಕೆ ಖರ್ಚು ಎಷ್ಟು? ಆ ಕ್ಯಾಲ್ಸಿಯಮ್-48 ದುಬಾರಿ ಅಂತ ಕೇಳಿದ್ದೆ.

ಮೂಲವಸ್ತು_ಮೂರ್ತಿ

ನಿಸರ್ಗದ ಕ್ಯಾಲ್ಸಿಯಮ್‌ನಲ್ಲಿ ಅದರ ಪಾಲು ನೂರಕ್ಕೆ 0.187. ಬೇರ್ಪಡಿಸಿದ್ದು ಗ್ರಾಂಗೆ ಎರಡು ಲಕ್ಷ ಡಾಲರ್ ಆಸುಪಾಸು ಅಂತಾರೆ. ಆದರೆ ಅಯಾನ್ ಮೂಲ ಗಂಟೆಗೆ ಅರ್ಧ ಮಿಲಿಗ್ರಾಂನಷ್ಟೇ ತಿನ್ನುತ್ತೆ, ದಿನಕ್ಕೆ 12 ಮಿಲಿಗ್ರಾಂ. ಮೂಲದ ಗೋಡೆಗೆ ಬಡಿದುಕೊಂಡದ್ದನ್ನು ತೊಳೆದು ವಾಪಸ್ ತೆಗೀತಾರೆ. ನಿಜವಾದ ಖರ್ಚು ವೇಗವರ್ಧಕ ನಡೆಸೋ ಕರೆಂಟು, ಜನ.

ಇದೇ ಯಾಕೆ ಅಂದರೆ 20 ಪ್ರೋಟಾನ್, 28 ನ್ಯೂಟ್ರಾನ್, ಎರಡೂ ಮಾಂತ್ರಿಕ ಸಂಖ್ಯೆ, ಅಂದರೆ ಬೀಜಕೇಂದ್ರದ ಕವಚ ಪೂರ್ತಿ ತುಂಬಿ ಗಟ್ಟಿಯಾಗೋ ಸಂಖ್ಯೆ. ಇಷ್ಟು ಹಗುರ ಬೀಜಕೇಂದ್ರದಲ್ಲಿ ಎಂಟು ಹೆಚ್ಚುವರಿ ನ್ಯೂಟ್ರಾನ್ ಬೇರೆಲ್ಲೂ ಸಿಗಲ್ಲ. ಆದರೂ ಸಾಲದು. ಸ್ಥಿರತೆಯ ದ್ವೀಪದ (ಅತಿಭಾರದ ಬೀಜಕೇಂದ್ರಗಳು ಹೆಚ್ಚು ಹೊತ್ತು ಬಾಳಬಹುದು ಅನ್ನೋ ಪ್ರದೇಶ) ನಡು 184 ನ್ಯೂಟ್ರಾನ್ ಹತ್ತಿರ ಅಂತ ಲೆಕ್ಕ, 289ರಲ್ಲಿರೋದು 175. ಒಂಬತ್ತು ಕಮ್ಮಿ. ಅವನ್ನು ತರೋಕೆ ತಕ್ಕ ಜೋಡಿ ಭೂಮಿ ಮೇಲಿಲ್ಲ.

ಸೀಸದಕಡ್ಡಿ

ಕ್ಯಾಲ್ಸಿಯಮ್ ಬಿಟ್ಟು ಟೈಟಾನಿಯಮ್ ಹಾಕ್ತಿದ್ದಾರಲ್ಲ ಈಗ.

ಮೂಲವಸ್ತು_ಮೂರ್ತಿ

ಅದು 119, 120ರ ಕಡೆ ಹೋಗೋಕೆ. ಕ್ಯಾಲ್ಸಿಯಮ್ ಜೊತೆ 119 ಬೇಕಂದರೆ ಐನ್‌ಸ್ಟೀನಿಯಮ್ ಟಾರ್ಗೆಟ್ ಬೇಕು, ಅದು ಸಾಕಷ್ಟು ಸಿಗಲ್ಲ. 2024ರಲ್ಲಿ ಅಮೆರಿಕದ ಬರ್ಕ್ಲಿ ಲ್ಯಾಬಿನವರು ಟೈಟಾನಿಯಮ್-50 + ಪ್ಲುಟೋನಿಯಮ್-244ರಿಂದ ಲಿವರ್ಮೋರಿಯಮ್ (116) ಮಾಡಿ ತೋರಿಸಿದರು, 22 ದಿನದ ಕಿರಣಕ್ಕೆ ಎರಡು ಪರಮಾಣು. ದಾರಿ ಇದೆ ಅಂತ ಸಾಬೀತಾಯ್ತು, ಆದರೆ ಇಳುವರಿ ಕ್ಯಾಲ್ಸಿಯಮ್‌ನದರ ಮುಂದೆ ತೀರಾ ಕಮ್ಮಿ. ಆ ಮಟ್ಟದಲ್ಲಿ ರಸಾಯನಶಾಸ್ತ್ರ ಮಾಡೋ ಮಾತೇ ಇಲ್ಲ.

ಸುಮ್ನೆ_ನೋಡ್ತಿದ್ದೆ

ಎರಡು ಪರಮಾಣು ಅಂದರೆ ಸುಳ್ಳು ಹೇಳಿದರೂ ಗೊತ್ತಾಗಲ್ಲ ಅಲ್ವಾ?

ಡಿಟೆಕ್ಟರ್_ದಾಸ

ಗೊತ್ತಾಗಿದೆ. 1999ರಲ್ಲಿ ಬರ್ಕ್ಲಿಯಿಂದ 118 ಸಿಕ್ತು ಅಂತ ಘೋಷಣೆ ಆಯ್ತು. ಬೇರೆಯವರು ಮಾಡಿದಾಗ ಬರಲಿಲ್ಲ, ಅವರೇ ಮತ್ತೆ ಮಾಡಿದಾಗಲೂ ಬರಲಿಲ್ಲ. ಮೂಲ ಕಡತಗಳನ್ನು ಮತ್ತೆ ತೆರೆದು ನೋಡಿದಾಗ ಆ ಸರಣಿಗಳೇ ಇರಲಿಲ್ಲ. 2001ರಲ್ಲಿ ಹಿಂತೆಗೆದುಕೊಂಡರು. ಅದಕ್ಕೇ ಎರಡನೇ ಲ್ಯಾಬ್ ಒಪ್ಪುವ ತನಕ ಹೆಸರು ಸಿಗೋದು ಕಷ್ಟ. ಫ್ಲೆರೋವಿಯಮ್ ದುಬ್ನಾದಲ್ಲಿ ಮೊದಲು ಕಂಡಿದ್ದು 1998ರ ಕೊನೆಗೆ, ಹೆಸರು ಬಂದಿದ್ದು 2012ರ ಮೇ 30ಕ್ಕೆ.

ಕುಡ್ಲದ_ಕ್ವಾಂಟಮ್

ಮೇಷ್ಟ್ರೇ, "117 ಮನೆ ತುಂಬಿವೆ" ಅಂದಿದ್ದೀರಲ್ಲ, 118ಕ್ಕೆ ಏನು ಹಾಕಿದ್ದೀರಿ?

ಚಾರ್ಟ್‌ಮೇಷ್ಟ್ರು

ಒಗನೆಸ್ಸಾನ್... ಜಡ ಅನಿಲಗಳ ಕಂಬ, ಅದಕ್ಕೆ ಕೆಂಪು. 112 ಪಾದರಸದ ಕೆಳಗೆ, ನೀಲಿ.

ಕುಡ್ಲದ_ಕ್ವಾಂಟಮ್

ನೀಲಿ ನಡೀತದೆ, ಲೆಕ್ಕವೂ ಹಾಗೇ ಹೇಳ್ತದೆ. 118 ಮಾತ್ರ ಕೆಂಪಲ್ಲ. 2020ರ ಲೆಕ್ಕದಲ್ಲಿ ಒಗನೆಸ್ಸಾನ್ ಕರಗುಬಿಂದು 325 ± 15, ಕುದಿಬಿಂದು 450 ± 10 ಕೆಲ್ವಿನ್. 52 °ಸೆ ತನಕ ಘನ, ಅದೂ ಅರೆವಾಹಕ. ಜಡ ಅನಿಲಗಳ ಮನೆಯಲ್ಲಿ ಹುಟ್ಟಿದ ಘನ, ಸೀಸದ ಮನೆಯಲ್ಲಿ ಹುಟ್ಟಿದ ಹಾರುವ ಲೋಹ.

ಡಿಟೆಕ್ಟರ್_ದಾಸ

ಅದನ್ನು ಪ್ರಯೋಗದಲ್ಲಿ ನೋಡೋ ಆಸೆ ಇಟ್ಟುಕೊಳ್ಳಬೇಡಿ. ಒಗನೆಸ್ಸಾನ್-294ರ ಅರ್ಧಾಯು 0.7 ಮಿಲಿಸೆಕೆಂಡ್. ಅನಿಲ ಕೊಳವೆ ದಾಟೋಕೆ 800 ಮಿಲಿಸೆಕೆಂಡ್ ಬೇಕು.

ಸೀಸದಕಡ್ಡಿ

113, 115 ಆದರೂ ನೆಟ್ಟಗಿದೆಯಾ?

ವಿಕಿರಣಿ

ಅವೆರಡನ್ನೂ ಅದೇ ತಂಡ ಅಳೆದಿದೆ, 2024ರಲ್ಲಿ ಪ್ರಕಟ. ಈ ಸಲ ಚಿನ್ನದ ಮುಂದೆ ಕ್ವಾರ್ಟ್ಜ್‌ನಂಥ ಸಿಲಿಕಾನ್ ಆಕ್ಸೈಡ್ ಮೇಲ್ಮೈ. ನಿಹೋನಿಯಮ್ 58, ಮಾಸ್ಕೋವಿಯಮ್ 54 ಕಿಲೋಜೂಲ್/ಮೋಲ್, ಎರಡೂ ಫ್ಲೆರೋವಿಯಮ್‌ಗಿಂತ ಕ್ರಿಯಾಶೀಲ. ಮುಚ್ಚಿದ 7ಪಿ½ ಕವಚದ ಆಚೆಗೊಂದು, ಈಚೆಗೊಂದು ಇರುವುದರಿಂದ ಹಾಗೇ ಬರಬೇಕು. ಫ್ಲೆರೋವಿಯಮ್ ಜಡ ಯಾಕೆ ಅನ್ನೋದಕ್ಕೆ ನನಗೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಈ ಇಬ್ಬರು ಪಕ್ಕದ ಮನೆಯವರೇ. ಘನ/ದ್ರವ ಅಂತ ಇಲ್ಲೂ ಅಳತೆ ಇಲ್ಲ, ಮಾಸ್ಕೋವಿಯಮ್ ಆಚೆಗಂತೂ ರಾಸಾಯನಿಕ ಅಳತೆ ಯಾವುದೂ ಇಲ್ಲ.

ಚಾರ್ಟ್‌ಮೇಷ್ಟ್ರು

ಹಾಗಾದರೆ 112ರಿಂದ 118ರವರೆಗೆ ಏಳೂ ಮನೆಗೆ ಬೂದು ಬಣ್ಣ, "ಸ್ಥಿತಿ: ಅಳೆದಿಲ್ಲ" ಅಂತ ಕೆಳಗೆ ಸಣ್ಣಕ್ಷರ. 112, 114, 118ಕ್ಕೆ ಲೆಕ್ಕದಿಂದ ಬಂದ ಸ್ಥಿತಿ ಗೆರೆ ಹೊಡೆದ ಬಣ್ಣದಲ್ಲಿ. ಒಪ್ಪಿಗೆಯೇ?

ಸೀಸದಕಡ್ಡಿ

114ಕ್ಕೆ ಗೆರೆ ಯಾವ ಬಣ್ಣ? ± 50ರಲ್ಲಿ ಎರಡೂ ಬರುತ್ತೆ. ನಾನು ಕಪ್ಪಿನ ಪರ.

ಕುಡ್ಲದ_ಕ್ವಾಂಟಮ್

ನಡುಬೆಲೆ 11 °ಸೆ, ನಿಮ್ಮ ಚಾರ್ಟ್ 25 °ಸೆ. ನೀಲಿ ಗೆರೆ.

ವಿಕಿರಣಿ

114ಕ್ಕೆ ಬರೀ ಬೂದು ಸಾಕು, ಗೆರೆ ಬೇಡ. ಇನ್ನೊಂದು: ಮನೆಯೊಳಗೆ ಪರಮಾಣು ತೂಕ ಅಂತ ದಶಮಾಂಶದಲ್ಲಿ ಬರೆಯಬೇಡಿ, ಚೌಕ ಆವರಣದಲ್ಲಿ [289] ಅಂತ ದ್ರವ್ಯರಾಶಿ ಸಂಖ್ಯೆ ಹಾಕಿ. 290ರ ಸುಳಿವು ಇದೆ, ಖಚಿತವಾಗಿಲ್ಲ.

ಚಾರ್ಟ್‌ಮೇಷ್ಟ್ರು

[289], ಬೂದು. ಪ್ರೂಫ್ ಬಂದ ಮೇಲೆ ಇಲ್ಲೇ ಹಾಕ್ತೀನಿ.

ಧಾರವಾಡ_ಪೇಢಾ

104ರಿಂದ 111ರ ತನಕ ಎಲ್ಲಾ ಕಪ್ಪು ಹಾಕೀರೇನು? ಅಲ್ಲಿ ಯಾರು ಕರಗಿಸಿ ನೋಡ್ಯಾರ್ರೀ?